ಮಿದುಳಿನ ಕಾಡು ಕಂಡ ತುಂಟ ಹುಡುಗ: ಸಂತಿಯಾಗೊ ರಾಮೊನ್ ಇ ಕಹಾಲ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿದಾಗ, ಕಂಪ್ಯೂಟರಿನ ಬಗ್ಗೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವ ನನಗೆ ಚೆನ್ನಾಗಿ ಗೊತ್ತಿರುವುದು ಅದೊಂದೇ. ಆದರೆ ಪೂರ್ವಭಾವಿ ಸಭೆಗೆಂದು ಊರಿಗೆ ಬಂದ ದಿನ ಶಾಲೆಯ ಬೇವಿನ ಮರದ ಕೆಳಗೆ ನಡೆದ ಒಂದು ಮಾತುಕತೆ ವಿಷಯವನ್ನೇ ಬದಲಿಸಿತು.

ಅಂದು ನನ್ನ ಬೆಂಚಿನ ಗೆಳೆಯನೊಬ್ಬ ಸಭೆಗೆ ಬಂದಿದ್ದ. ಅವನ ಹೆಸರು ಇಲ್ಲಿ ಬೇಡ. ನಮ್ಮ ಬ್ಯಾಚಿನವರಿಗೆ ಗೊತ್ತಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ನಾನು ಮಾನಿಟರ್. ಮಾಸ್ತರರು ಇಲ್ಲದ ಹೊತ್ತಿನಲ್ಲಿ ಗದ್ದಲ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸವಾಗಿತ್ತು. ಅವನ ಹೆಸರು ಯಾವಾಗಲೂ ಮೊದಲು. ಎಷ್ಟೋ ಸಲ ಅವನು ಬಾಯಿ ತೆರೆಯುವ ಮೊದಲೇ ಬರೆದಿಟ್ಟಿರುತ್ತಿದ್ದೆ. ಆ ವರ್ಷ ದೀಪಾವಳಿ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಸೇರಿಸಿದರೆಂದು ತಿಳಿಯಿತು. ನಾವ್ಯಾರೂ ಮತ್ತೆ ವಿಚಾರಿಸಲಿಲ್ಲ.

ಈಗ ಅವನದೇ ಒಂದು ಗ್ಯಾರೇಜ್ ಇದೆ. ಅವನ ಮಗ ನಮ್ಮದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಮಗನೂ ತನ್ನ ದಾರಿಯನ್ನೇ ಹಿಡಿದಿದ್ದಾನೆಂಬುದು ಗೆಳೆಯನ ಕೊರಗು. ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ, ಸಣ್ಣ ಮಾತಿಗೂ ಸಿಡಿಯುತ್ತಾನೆ. ಗೆಳೆಯರು ಹುರಿದುಂಬಿಸಿದರೆಂದು ಗ್ಯಾರೇಜಿನಲ್ಲಿದ್ದ ಗಿರಾಕಿಯ ಬೈಕ್ ತೆಗೆದುಕೊಂಡು ಹೋಗಿ ಬಿದ್ದು ಕೈ ಮುರಿದುಕೊಂಡಿದ್ದಾನೆ. ಈ ದೀಪಾವಳಿಗೆ ಶಾಲೆ ಬಿಡಿಸಿ ಗ್ಯಾರೇಜಿನಲ್ಲೇ ಕೂರಿಸಿಬಿಡಲೇ ಎಂದು ಗೆಳೆಯ ನನ್ನನ್ನು ಕೇಳಿದ. ಆಮೇಲೆ ದನಿ ತಗ್ಗಿಸಿ, ಹುಡುಗನ ತಲೆಯಲ್ಲೇ ಏನಾದರೂ ದೋಷವಿರಬಹುದೇ, ಧಾರವಾಡದ ದವಾಖಾನೆಗೆ ತೋರಿಸಬೇಕೇ ಎಂದೂ ಕೇಳಿದ. ಧಾರವಾಡದ ದವಾಖಾನೆ ಎಂದರೆ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್ ಸಂಸ್ಥೆ. ಸಣ್ಣವರಿದ್ದಾಗ ಆ ಹೆಸರು ಹೇಳಿ ನಾವು ಒಬ್ಬರನ್ನೊಬ್ಬರು ಹಂಗಿಸುತ್ತಿದ್ದೆವು. ಗೆಳೆಯ ಹಂಗಿಸುತ್ತಿರಲಿಲ್ಲ; ನಿಜವಾಗಿಯೇ ಕೇಳುತ್ತಿದ್ದ. ನನಗೆ ಉತ್ತರ ಹೊಳೆಯಲಿಲ್ಲ.

ಬೆಂಗಳೂರಿಗೆ ಮರಳುವಾಗ ದಾರಿಯುದ್ದಕ್ಕೂ ಅದೇ ವಿಚಾರ. ಹಿಂದೊಮ್ಮೆ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯಕ್ಕೆ ಹೋಗಿ, ಕೈಗವಸು ಹಾಕಿಕೊಂಡು, ನಿಜವಾದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದಿದ್ದೆ. ಹೆಚ್ಚೂಕಡಿಮೆ ಒಂದೂ ಕಾಲು ಕಿಲೋ ತೂಕದ ಆ ಮುದ್ದೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಗುರುತಿಸಿ, ಇಂದಿನ ಮಿದುಳು ವಿಜ್ಞಾನಕ್ಕೆ ಅಡಿಪಾಯ ಹಾಕಿದವರು ಸ್ಪೇನ್ ದೇಶದ ಸಂತಿಯಾಗೊ ರಾಮೊನ್ ಇ ಕಹಾಲ್. ಸಂಗ್ರಹಾಲಯ ನೋಡಿ ಬಂದ ಮೇಲೆ ಅವರ ಬಗ್ಗೆ ಸ್ವಲ್ಪ ಓದಿದ್ದೆ. ಈಗ ಮತ್ತೆ, ಪೂರ್ತಿಯಾಗಿ ಓದಿದೆ. ಗೆಳೆಯ ಕೇಳಿದ ಪ್ರಶ್ನೆಗೆ ಆ ಜೀವನದಲ್ಲಿ ಎರಡು ಕಡೆ ಉತ್ತರ ಸಿಕ್ಕಿತು. ಒಂದು ಅವರು ಬೆಳೆದ ರೀತಿಯಲ್ಲಿ, ಇನ್ನೊಂದು ಅವರು ಕಂಡುಹಿಡಿದ ಸಂಗತಿಯಲ್ಲಿ. ಅದಕ್ಕೇ ಈ ಲೇಖನ.

ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಉತ್ತರ ಭಾಗದ ಪೆಟಿಲ್ಯಾ ದೆ ಅರಗೋನ್ ಎಂಬ ಗುಡ್ಡಗಾಡಿನ ಬಡ ಹಳ್ಳಿಯಲ್ಲಿ. ತಂದೆ ಹುಸ್ತೊ ರಾಮೊನ್ ಕಷ್ಟಪಟ್ಟು ಓದಿ, ಹಳ್ಳಿಗಳಲ್ಲಿ ಶಸ್ತ್ರವೈದ್ಯರಾಗಿ ದುಡಿಯುತ್ತಿದ್ದವರು. ಕೆಲಸ ಸಿಕ್ಕಲ್ಲಿಗೆ ಸಂಸಾರವೂ ಹೋಗುತ್ತಿದ್ದುದರಿಂದ ಹುಡುಗನಿಗೆ ಊರು ಬದಲಾಗುತ್ತಲೇ ಇತ್ತು. ತಂದೆ ಮಹಾ ಶಿಸ್ತಿನ ಮನುಷ್ಯ. ಬಡತನದಿಂದ ತಾನು ಮೇಲೆ ಬಂದದ್ದು ಓದಿನಿಂದ. ಮಗನೂ ವೈದ್ಯನೇ ಆಗಬೇಕು, ಬೇರೆ ಮಾತಿಲ್ಲ ಎಂಬುದು ಅವರ ಹಟ. ಮಗನಿಗೆ ಚಿತ್ರದ ಹುಚ್ಚು. ಕಾಗದ ಸಿಗದಿದ್ದರೆ ಗೋಡೆ, ಬಾಗಿಲು, ಏನು ಸಿಕ್ಕರೆ ಅದರ ಮೇಲೆ ಬರೆಯುತ್ತಿದ್ದ. ಅಯೆರ್ಬೆ ಎಂಬ ಊರಿನಲ್ಲಿದ್ದಾಗ ತಂದೆ ಒಂದು ದಿನ ಮಗ ಬಿಡಿಸಿದ ಸಂತರೊಬ್ಬರ ಚಿತ್ರವನ್ನು, ಚರ್ಚಿನ ಗೋಡೆಗೆ ಬಣ್ಣ ಹಚ್ಚಲು ಬಂದಿದ್ದ ಕೆಲಸಗಾರನಿಗೆ ತೋರಿಸಿದರು. ಈ ಹುಡುಗ ಎಂದಿಗೂ ಚಿತ್ರಕಾರನಾಗಲಾರ ಎಂದು ಅವನು ತೀರ್ಪು ಕೊಟ್ಟ. ಅಲ್ಲಿಗೆ ಮನೆಯಲ್ಲಿ ಬಣ್ಣ, ಕುಂಚ ಎಲ್ಲ ಬಂದ್ ಆದವು.

ಮುಂದೆ ಹಾಕಾ ಎಂಬ ಪಟ್ಟಣದಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಿದರು. ಅಲ್ಲಿ ಲ್ಯಾಟಿನ್ ವ್ಯಾಕರಣವನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ಈ ಹುಡುಗನಿಗೆ ಕಣ್ಣಿಂದ ನೋಡಿದ್ದು ನೆನಪಿರುತ್ತಿತ್ತು, ಕಿವಿಯಿಂದ ಕೇಳಿದ್ದು ನಿಲ್ಲುತ್ತಿರಲಿಲ್ಲ. ಹೊಡೆತ ಬಿತ್ತು, ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು, ಊಟ ತಪ್ಪಿಸಿದರು. ಹುಡುಗ ಇನ್ನಷ್ಟು ಮೊಂಡನಾದ. ರಜೆಗೆ ಅಯೆರ್ಬೆಗೆ ಬಂದಾಗ ಗೆಳೆಯರ ಗುಂಪು ಕಟ್ಟಿಕೊಂಡು ಒಂದು ಮರದ ತೊಲೆಯನ್ನು ಕೊರೆದು, ಸುತ್ತ ತಂತಿ ಬಿಗಿದು ತೋಪು ಮಾಡಿದ. ಮದ್ದು ತುಂಬಿ ಪಕ್ಕದ ತೋಟದವರ ಹೊಸ ಬಾಗಿಲಿಗೆ ಹೊಡೆದ. ಬಾಗಿಲು ಚೂರಾಯಿತು. ಆಗ ಅವನಿಗೆ 11 ವರ್ಷ. ಊರಿನ ಅಧಿಕಾರಿಗಳು ಹುಡುಗನನ್ನು ಕೆಲವು ದಿನ ಜೈಲಿಗೆ ಹಾಕಿದರು. ತಂದೆ ಬಿಡಿಸಿ ತರಲಿಲ್ಲ. ಬುದ್ಧಿ ಬರಲಿ ಎಂದು ಅವರೂ ಒಪ್ಪಿದ್ದರು. ಬುದ್ಧಿ ಬರಲಿಲ್ಲ.

ಉಯೆಸ್ಕಾ ಎಂಬ ಊರಿನ ಪ್ರೌಢಶಾಲೆಯಲ್ಲೂ ಇದೇ ಕತೆ. ಸಹನೆ ಕಳೆದುಕೊಂಡ ತಂದೆ ಓದು ಬಿಡಿಸಿ ಮೊದಲು ಕ್ಷೌರಿಕನ ಅಂಗಡಿಗೆ, ಆಮೇಲೆ ಬೂಟು ಹೊಲಿಯುವವರ ಬಳಿಗೆ ಕೆಲಸಕ್ಕೆ ಸೇರಿಸಿದರು. ಇಲ್ಲಿ ಒಂದು ಮಾತು ಗಮನಿಸಬೇಕು. ಬೂಟು ಹೊಲಿಯುವ ಕೆಲಸವನ್ನು ಹುಡುಗ ತಾತ್ಸಾರ ಮಾಡಲಿಲ್ಲ. ಸೊಗಸಾಗಿ ಕಲಿತ. ಯಜಮಾನನೇ ಮೆಚ್ಚಿಕೊಂಡ. ಕೈಗೆ ಕೆಲಸ, ಕಣ್ಣಿಗೆ ಆಕಾರ ಸಿಕ್ಕರೆ ಆ ಹುಡುಗನಲ್ಲಿ ಏಕಾಗ್ರತೆಗೆ ಕೊರತೆ ಇರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೊನೆಗೆ ತಂದೆ ಮಗ ಒಂದು ಒಪ್ಪಂದಕ್ಕೆ ಬಂದರು. ಮಗ ಶಾಲೆಯ ಪಾಠ ಓದಬೇಕು. ತಂದೆ ಅವನನ್ನು ಚಿತ್ರಕಲೆಯ ತರಗತಿಗೆ ಸೇರಿಸಬೇಕು. ಎರಡೂ ಕಡೆಯವರು ಮಾತು ಉಳಿಸಿಕೊಂಡರು.

ನಿಜವಾದ ತಿರುವು ಬಂದದ್ದು 1868ರ ಬೇಸಿಗೆಯಲ್ಲಿ. ಹುಡುಗನಿಗೆ 16 ವರ್ಷ. ತಂದೆ ಅವನನ್ನು ಕರೆದುಕೊಂಡು ಹಳೆಯ ಸ್ಮಶಾನಕ್ಕೆ ಹೋಗಿ, ಅಲ್ಲಿ ಮಣ್ಣಿನಿಂದ ಹೊರಬಂದಿದ್ದ ಮನುಷ್ಯರ ಎಲುಬುಗಳನ್ನು ಆರಿಸಿ ತಂದರು. ಮನೆಯಲ್ಲಿ ಪಕ್ಕದಲ್ಲಿ ಕೂತು ಒಂದೊಂದೇ ಎಲುಬನ್ನು ಕೈಯಲ್ಲಿಟ್ಟು ಪಾಠ ಹೇಳಿದರು. ಮಗ ಪ್ರತಿಯೊಂದರ ಚಿತ್ರ ಬಿಡಿಸಿದ. ಉಬ್ಬು, ತಗ್ಗು, ರಂಧ್ರ, ಗೀರು ಒಂದೂ ಬಿಡಲಿಲ್ಲ. ಲ್ಯಾಟಿನ್ ವ್ಯಾಕರಣ ತಲೆಗೆ ಹೋಗದಿದ್ದ ಹುಡುಗನಿಗೆ ನೂರಾರು ಎಲುಬಿನ ಹೆಸರುಗಳು ತಾವಾಗಿ ನಿಂತವು. ತಂದೆ ಬದಲಾಗಿರಲಿಲ್ಲ, ಮಗನೂ ಬದಲಾಗಿರಲಿಲ್ಲ. ಬದಲಾದದ್ದು ಪಾಠ ಹೇಳುವ ರೀತಿ. ಮಗನ ಚಿತ್ರದ ಹುಚ್ಚು, ತಂದೆಯ ವೈದ್ಯದ ಹಟ ಆ ಎಲುಬುಗಳ ಮುಂದೆ ಒಂದಾದವು.

ಆಮೇಲೆ ಓದು ನಿಲ್ಲಲಿಲ್ಲ. ಹಾಗೆಂದು ಹುಡುಗ ಒಂದೇ ದಿನಕ್ಕೆ ಗಂಭೀರನಾದನೆಂದು ತಿಳಿಯಬಾರದು. ಸರಗೋಸಾ ನಗರದಲ್ಲಿ ವೈದ್ಯಕೀಯ ಓದುವಾಗಲೂ ಒಂದಾದ ಮೇಲೊಂದು ಹುಚ್ಚು ಹತ್ತುತ್ತಿತ್ತು. ಒಮ್ಮೆ ಕಾದಂಬರಿ ಬರೆಯುವ ಹುಚ್ಚು, ಒಮ್ಮೆ ತತ್ವಶಾಸ್ತ್ರ, ಒಮ್ಮೆ ತಾಲೀಮು ಮಾಡಿ ಪೈಲ್ವಾನನಂತೆ ಮೈ ಬೆಳೆಸುವ ಹುಚ್ಚು. 1873ರಲ್ಲಿ, 21ನೆಯ ವಯಸ್ಸಿನಲ್ಲಿ ವೈದ್ಯಕೀಯ ಪದವಿ ಪಡೆದರು.

ಸರಕಾರ ಅವರನ್ನು ಸೈನ್ಯದ ವೈದ್ಯರನ್ನಾಗಿ ಕ್ಯೂಬಾ ದ್ವೀಪಕ್ಕೆ ಕಳಿಸಿತು. ಅಲ್ಲಿ ಮಲೇರಿಯಾ ಹಿಡಿದು, ಎಲುಬು ಚರ್ಮ ಒಂದಾಗಿ 1875ರಲ್ಲಿ ಊರಿಗೆ ಮರಳಿದರು. ಉಳಿಸಿದ ಸಂಬಳದಲ್ಲಿ ಒಂದು ಹಳೆಯ ಮಾದರಿಯ ಸೂಕ್ಷ್ಮದರ್ಶಕ ಕೊಂಡು ಮನೆಯಲ್ಲೇ ಕೆಲಸ ಶುರು ಮಾಡಿದರು. 1878ರಲ್ಲಿ ಕ್ಷಯ ಬಂತು; ಅದರಿಂದಲೂ ಎದ್ದರು. 1879ರಲ್ಲಿ ಸಿಲ್ವೇರಿಯಾ ಎಂಬಾಕೆಯನ್ನು ಮದುವೆಯಾದರು. ಏಳು ಮಕ್ಕಳ ಸಂಸಾರವನ್ನು ಸಣ್ಣ ಸಂಬಳದಲ್ಲಿ ತೂಗಿಸಿ, ಗಂಡನ ಪ್ರಯೋಗಗಳಿಗೂ ದುಡ್ಡು ಉಳಿಸಿಕೊಟ್ಟವರು ಆಕೆ. ವಲೆನ್ಸಿಯಾದಲ್ಲಿ ಪ್ರಾಧ್ಯಾಪಕರಾಗಿದ್ದಾಗ 1885ರಲ್ಲಿ ಕಾಲರಾ ಹರಡಿತು. ಆ ರೋಗದ ಬಗ್ಗೆ ಕಹಾಲರು ಮಾಡಿದ ಅಧ್ಯಯನಕ್ಕೆ ಮೆಚ್ಚಿ ಸರಗೋಸಾ ಪ್ರಾಂತ್ಯದ ಆಡಳಿತ ಜರ್ಮನಿಯ ಝೈಸ್ ಕಂಪನಿಯ ಒಳ್ಳೆಯ ಸೂಕ್ಷ್ಮದರ್ಶಕವನ್ನು ಕಾಣಿಕೆಯಾಗಿ ಕೊಟ್ಟಿತು. ಮುಂದಿನ ಸಂಶೋಧನೆಗೆ ಬಂಡವಾಳ ಅದೇ.

ಆ ಕಾಲದಲ್ಲಿ ಮಿದುಳಿನ ಬಗ್ಗೆ ದೊಡ್ಡ ವಿವಾದ ನಡೆದಿತ್ತು. ಮಿದುಳಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರು, ಬಳ್ಳಿ, ಟೊಂಗೆ ಎಲ್ಲ ಒಂದರೊಳಗೊಂದು ಹೆಣೆದ ಕತ್ತಲ ಕಾಡಿನಂತೆ ಕಾಣುತ್ತಿತ್ತು. ಮಿದುಳು ತುಂಡಿಲ್ಲದ ಒಂದೇ ಬಲೆ ಎಂದು ಹೆಚ್ಚಿನವರು ನಂಬಿದ್ದರು. ಇಟಲಿಯ ಕಾಮಿಲ್ಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ಬಣ್ಣ ಹಚ್ಚುವ ಒಂದು ವಿಧಾನ ಕಂಡುಹಿಡಿದಿದ್ದರು. ಅದರ ವಿಶೇಷವೆಂದರೆ ನೂರು ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಹತ್ತಿದ ಕೋಶ ಬೇರಿನಿಂದ ತುದಿಯವರೆಗೆ ಕಪ್ಪಾಗಿ ಎದ್ದು ಕಾಣುತ್ತದೆ. ಕಹಾಲರು ಈ ವಿಧಾನವನ್ನು ಮೊದಲ ಸಲ ನೋಡಿದ್ದು 1887ರಲ್ಲಿ, ಮ್ಯಾಡ್ರಿಡ್‌ನ ವೈದ್ಯ ಲೂಯಿಸ್ ಸಿಮಾರೊ ಅವರ ಮನೆಯಲ್ಲಿ. ನೋಡಿದವರು ಮರುಳಾದರು. ಅದೇ ವರ್ಷ ಬಾರ್ಸಿಲೋನಾದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು.

ಆದರೆ ವಯಸ್ಕ ಪ್ರಾಣಿಯ ಮಿದುಳಿನಲ್ಲಿ ಆ ಬಣ್ಣ ಸರಿಯಾಗಿ ಹತ್ತುತ್ತಿರಲಿಲ್ಲ. ಬಲಿತ ನರತಂತುಗಳ ಮೇಲೆ ಕೊಬ್ಬಿನ ಹೊದಿಕೆಯೊಂದು ಇರುತ್ತದೆ. ನಮ್ಮ ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ. ಅದು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಕಹಾಲರಿಗೆ ಇಲ್ಲೊಂದು ಉಪಾಯ ಹೊಳೆಯಿತು. ಬೆಳೆದ ಕಾಡಿನಲ್ಲಿ ದಾರಿ ಕಾಣದಿದ್ದರೆ ಸಸಿಗಳಿರುವ ತೋಟಕ್ಕೆ ಹೋಗಬೇಕು ಎಂದು ಅವರು ಯೋಚಿಸಿದರು. ಮೊಟ್ಟೆಯೊಳಗಿನ ಮರಿ, ಆಗತಾನೆ ಹುಟ್ಟಿದ ಪ್ರಾಣಿಯ ಮಿದುಳು ತೆಗೆದುಕೊಂಡರು. ಅಲ್ಲಿ ಹೊದಿಕೆ ಇನ್ನೂ ಬಂದಿರುವುದಿಲ್ಲ, ಟೊಂಗೆಗಳು ಕಡಿಮೆ, ಪ್ರತಿಯೊಂದು ಕೋಶವೂ ಬಿಡಿಯಾಗಿ ಕಾಣುತ್ತದೆ. ಎಳೆಯ ಮಿದುಳನ್ನು ಅಭ್ಯಾಸ ಮಾಡಿದ್ದರಿಂದಲೇ ಬಲಿತ ಮಿದುಳಿನ ಗುಟ್ಟು ಬಿಟ್ಟಿತು.

ಕಂಡದ್ದು ಏನು? ಮಿದುಳು ಒಂದೇ ಬಲೆಯಲ್ಲ; ಬಿಡಿಬಿಡಿ ಕೋಶಗಳ ಸಮುದಾಯ. ಒಂದು ಕೋಶದ ತುದಿ ಇನ್ನೊಂದರ ಹತ್ತಿರಕ್ಕೆ ಬರುತ್ತದೆ, ಆದರೆ ಅದರಲ್ಲಿ ಕರಗಿ ಒಂದಾಗುವುದಿಲ್ಲ. ಸಂದೇಶ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. 1888ರಲ್ಲಿ ತಮ್ಮದೇ ಖರ್ಚಿನಲ್ಲಿ ಒಂದು ಪತ್ರಿಕೆ ಅಚ್ಚು ಹಾಕಿಸಿ ಇದನ್ನೆಲ್ಲ ಪ್ರಕಟಿಸಿದರು. ಹಾಕಿಸಿದ್ದು 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಸ್ಪ್ಯಾನಿಷ್ ಭಾಷೆ ಬಾರದವರು ಅದನ್ನು ತೆರೆದೂ ನೋಡಲಿಲ್ಲ. ಆಗ 1889ರಲ್ಲಿ ಬರ್ಲಿನ್‌ನಲ್ಲಿ ನಡೆದ ಅಂಗರಚನಾ ವಿಜ್ಞಾನಿಗಳ ಸಭೆಗೆ ಸ್ಲೈಡುಗಳ ಪೆಟ್ಟಿಗೆ, ಸೂಕ್ಷ್ಮದರ್ಶಕ ಹೊತ್ತುಕೊಂಡು ಹೋದರು. ಅರೆಬರೆ ಫ್ರೆಂಚಿನಲ್ಲಿ ಮಾತಾಡುತ್ತ, ಬಂದವರನ್ನು ಕರೆದು ಕರೆದು ತೋರಿಸಿದರು. ಆ ಕಾಲದ ಹಿರಿಯ ವಿಜ್ಞಾನಿ ಆಲ್ಬರ್ಟ್ ಕೋಲಿಕರ್ ಕಣ್ಣಿಟ್ಟು ನೋಡಿ ಬೆರಗಾದರು, ಕಹಾಲರ ಪರವಾಗಿ ನಿಂತರು. ಹಳ್ಳಿಯ ಗೋಡೆಯ ಮೇಲೆ ಇದ್ದಲಿನಿಂದ ಗೀಚುತ್ತಿದ್ದ ಕೈಯೇ ಈಗ ನರಕೋಶಗಳ ಚಿತ್ರ ಬಿಡಿಸುತ್ತಿತ್ತು. ಆ ಚಿತ್ರಗಳನ್ನು ಇಂದಿಗೂ ಪಠ್ಯಪುಸ್ತಕಗಳಲ್ಲಿ ಬಳಸುತ್ತಾರೆ.

1906ರಲ್ಲಿ ಕಹಾಲ್ ಮತ್ತು ಗಾಲ್ಜಿ ಇಬ್ಬರಿಗೂ ಸೇರಿಸಿ ನೊಬೆಲ್ ಬಹುಮಾನ ಬಂತು. ವಿಚಿತ್ರವೆಂದರೆ, ಬಹುಮಾನದ ಭಾಷಣದಲ್ಲೂ ಗಾಲ್ಜಿಯವರು ಕಹಾಲರ ಸಿದ್ಧಾಂತವನ್ನು ಒಪ್ಪಲಿಲ್ಲ. ಒಂದೇ ಬಲೆ ಎಂಬ ವಾದವನ್ನೇ ಹಿಡಿದರು. ಕೋಶಗಳ ನಡುವಿನ ಕಿಂಡಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು 50 ಸಾವಿರದಲ್ಲಿ ಒಂದು ಪಾಲು. ಕಹಾಲರು 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ತೀರಿಕೊಂಡಿದ್ದರು. ಅವರು ಹೇಳಿದ್ದು ಸರಿ ಎಂದು ಕಣ್ಣಾರೆ ಕಂಡದ್ದು ಅವರ ನಂತರದ ತಲೆಮಾರು.

ಕಿಂಡಿ ಇದೆ ಎಂದ ಮೇಲೆ ಸಂದೇಶ ಅದನ್ನು ದಾಟುವುದು ಹೇಗೆ? ಇದಕ್ಕೆ ಉತ್ತರದ ಮೊದಲ ತುದಿ ಸಿಕ್ಕಿದ್ದು 1921ರಲ್ಲಿ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿಟ್ಟು, ಒಂದರ ನರವನ್ನು ಕೆರಳಿಸಿ ಅದರ ಬಡಿತ ನಿಧಾನವಾಗುವಂತೆ ಮಾಡಿದರು. ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಅಂದರೆ ನರ ಏನೋ ಒಂದು ರಾಸಾಯನಿಕವನ್ನು ಬಿಡುತ್ತದೆ. ಅದೇ ಸಂದೇಶ ಒಯ್ಯುವ ದೂತ. ಮುಂದೆ ಅದನ್ನು ಅಸಿಟೈಲ್‌ಕೋಲಿನ್ ಎಂದು ಗುರುತಿಸಿದರು. ಆಮೇಲೆ ಇಂಥ ದೂತರ ದೊಡ್ಡ ಪರಿವಾರವೇ ಗೊತ್ತಾಯಿತು. ಕೋಶವನ್ನು ಎಬ್ಬಿಸುವ ಗ್ಲುಟಮೇಟ್, ಸುಮ್ಮನಿರಿಸುವ ಗಾಬಾ, ಆಸೆ ಮತ್ತು ಹುರುಪಿಗೆ ಸಂಬಂಧಿಸಿದ ಡೋಪಮಿನ್, ಮನಸ್ಸಿನ ಸ್ಥಿತಿ ಮತ್ತು ನಿದ್ದೆಯಲ್ಲಿ ಪಾತ್ರವಿರುವ ಸೆರೊಟೋನಿನ್, ಹೀಗೆ.

ಗೆಳೆಯನ ಪ್ರಶ್ನೆಗೆ ಎರಡನೆಯ ಉತ್ತರ ಇಲ್ಲಿದೆ. ಈ ದೂತರ ವ್ಯವಸ್ಥೆ ಹುಟ್ಟುವಾಗಲೇ ಸಿದ್ಧವಾಗಿ ಬರುವುದಿಲ್ಲ. ಹೊಲದ ಬೆಳೆಯಂತೆ ಹಂತಹಂತವಾಗಿ ಬಲಿಯುತ್ತದೆ, ಎಲ್ಲ ದೂತರೂ ಒಂದೇ ವೇಗದಲ್ಲಿ ಬಲಿಯುವುದೂ ಇಲ್ಲ. ಗಾಬಾವನ್ನೇ ನೋಡಿ. ದೊಡ್ಡವರ ಮಿದುಳಿನಲ್ಲಿ ಅದು ಬ್ರೇಕ್ ಇದ್ದಂತೆ. ಆದರೆ ಬೆಳವಣಿಗೆಯ ತೀರಾ ಆರಂಭದಲ್ಲಿ, ಕೋಶದೊಳಗೆ ಕ್ಲೋರೈಡ್ ಲವಣದ ಅಂಶ ಹೆಚ್ಚಿರುವುದರಿಂದ, ಅದೇ ಗಾಬಾ ಕೋಶವನ್ನು ಎಬ್ಬಿಸುತ್ತದೆ. ಕೋಶ ಬಲಿತು ಆ ಲವಣವನ್ನು ಹೊರಹಾಕಲು ಕಲಿತ ಮೇಲೆ ಗಾಬಾ ಬ್ರೇಕ್ ಆಗುತ್ತದೆ. ದೂತ ಅದೇ, ಕೇಳುವವನು ಬಲಿತ ಮೇಲೆ ಸಂದೇಶದ ಅರ್ಥವೇ ತಿರುವುಮುರುವಾಯಿತು.

ಕೋಶಗಳ ನಡುವಿನ ಜೋಡಣೆಗಳೂ ಹಾಗೆಯೇ. ಎಳವೆಯಲ್ಲಿ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ಜೋಡಣೆಗಳನ್ನು ಬೆಳೆಸುತ್ತದೆ. ನಾವು ದಟ್ಟವಾಗಿ ಬಿತ್ತಿ, ಆಮೇಲೆ ಹೆಚ್ಚಾದ ಸಸಿ ಕಿತ್ತು ತೆಳುವು ಮಾಡುವಂತೆ, ಬಳಕೆಯಲ್ಲಿ ಇರುವುದನ್ನು ಉಳಿಸಿ ಉಳಿದದ್ದನ್ನು ತೆಗೆಯುತ್ತದೆ. ಅಮೆರಿಕದ ಶಿಕಾಗೊದ ಪೀಟರ್ ಹಟ್ಟನ್‌ಲಾಕರ್ ಎಂಬ ಮಕ್ಕಳ ನರವೈದ್ಯರು, ತೀರಿಹೋದವರ ಮಿದುಳಿನಲ್ಲಿ ಈ ಜೋಡಣೆಗಳನ್ನು ಒಂದೊಂದಾಗಿ ಎಣಿಸಿ 1979ರಲ್ಲಿ ಪ್ರಕಟಿಸಿದರು. ನೋಡುವ, ಕೇಳುವ ಭಾಗಗಳಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಹದಿಹರೆಯದ ಉದ್ದಕ್ಕೂ ನಡೆಯುತ್ತಲೇ ಇರುತ್ತದೆ. ಮುಂದಾಲೋಚನೆ, ತಾಳ್ಮೆ, ತಪ್ಪು ಮಾಡುವ ಮೊದಲು ಒಂದು ಕ್ಷಣ ತಡೆದು ನಿಲ್ಲುವುದು, ಇವೆಲ್ಲ ಆ ಭಾಗದ ಕೆಲಸ. ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಡೋಪಮಿನ್ ಒಯ್ಯುವ ತಂತುಗಳು ಹದಿಹರೆಯದಲ್ಲೂ ಆ ಭಾಗದೊಳಕ್ಕೆ ಬೆಳೆಯುತ್ತ ಹೋಗುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಆದರೆ ಆಸೆ, ಸಂತೋಷ, ಗೆಳೆಯರ ಮೆಚ್ಚುಗೆಗೆ ಓಗೊಡುವ ಒಳಭಾಗಗಳು ಅಷ್ಟರಲ್ಲಾಗಲೇ ಪೂರ್ಣ ಹುರುಪಿನಲ್ಲಿರುತ್ತವೆ. ಎಂಜಿನ್ ಬಂದಿದೆ, ಬ್ರೇಕ್ ಇನ್ನೂ ಜೋಡಣೆಯಲ್ಲಿದೆ. ಗ್ಯಾರೇಜ್ ನಡೆಸುವ ನನ್ನ ಗೆಳೆಯನಿಗೆ ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬರುವುದಿಲ್ಲ.

ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ, ಯಾರು ಎಷ್ಟು ಅಪಾಯಕ್ಕೆ ಕೈ ಹಾಕುತ್ತಾರೆಂದು ನೋಡಿದರು. ಪಕ್ಕದಲ್ಲಿ ಗೆಳೆಯರು ನಿಂತಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯ ತೆಗೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇನ್ನು ನಿದ್ದೆಯ ಮಾತು. ಕತ್ತಲಾದ ಮೇಲೆ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಹದಿಹರೆಯದಲ್ಲಿ ತಡವಾಗಿ ಹೊರಡುತ್ತದೆ. ಆ ವಯಸ್ಸಿನವರು ರಾತ್ರಿ ಎಚ್ಚರವಿರುವುದು, ಬೆಳಿಗ್ಗೆ ಏಳಲಾರದಿರುವುದು ಪೂರಾ ಸೋಮಾರಿತನವಲ್ಲ. ಕೈಯಲ್ಲಿ ಮೊಬೈಲ್ ಇದ್ದರೆ ಇನ್ನೂ ತಡ.

ಇದನ್ನೆಲ್ಲ ತಿಳಿದ ಮೇಲೆ ಅಯೆರ್ಬೆಯ ತೋಪು, ನಮ್ಮೂರಿನ ಬೈಕ್ ಎರಡೂ ಒಂದೇ ಹೊಲದ ಬೆಳೆ ಎಂದು ನನಗನಿಸಿತು. ಎರಡೂ ಕಡೆ ಗೆಳೆಯರ ಗುಂಪು, ಎರಡೂ ಕಡೆ ಬಲಿಯದ ಮಿದುಳು, ಎರಡೂ ಕಡೆ ಸಿಟ್ಟಿಗೆದ್ದ ತಂದೆ. ಹಾಗೆಂದು ಬಾಗಿಲು ಒಡೆದದ್ದು ಸರಿ ಎಂದಲ್ಲ. ತಪ್ಪಿಗೆ ತಿದ್ದುಪಡಿ ಬೇಕೇ ಬೇಕು. ತುಂಟರೆಲ್ಲ ನೊಬೆಲ್ ತರುತ್ತಾರೆಂದೂ ಅಲ್ಲ. ಹೆಚ್ಚಿನವರು ನಮ್ಮ ನಿಮ್ಮಂತೆ ಒಂದು ಬದುಕು ಕಟ್ಟಿಕೊಳ್ಳುತ್ತಾರೆ, ಅದೇ ಸಾಕು. ಕೆಲವು ಮಕ್ಕಳಿಗೆ ನಿಜವಾಗಿ ವೈದ್ಯರ ನೆರವು ಬೇಕಾಗುತ್ತದೆ. ಊಟ, ಮಾತು, ಆಟ ಎಲ್ಲ ಬಿಟ್ಟು ಮಂಕಾದ ಮಗುವನ್ನು ಧಾರವಾಡಕ್ಕೆ ಕರೆದೊಯ್ಯಲು ನಾಚಿಕೆಪಡಬಾರದು; ಜ್ವರಕ್ಕೆ ತೋರಿಸಿದಂತೆ ಅದೂ ಒಂದು ತೋರಿಸುವಿಕೆ. ನಾನು ಹೇಳುವುದು ಇಷ್ಟೇ. ಹದಿನಾಲ್ಕು ವರ್ಷದ ಹುಡುಗನಲ್ಲಿ ನಾವು ಕಾಣುವುದು ಅರ್ಧ ಕಟ್ಟಿದ ಮನೆ. ಅದಕ್ಕೆ ಛಾವಣಿ ಇಲ್ಲವೆಂದು ಈಗಲೇ ಕೆಡವಿದರೆ ಅದು ನಮ್ಮ ಅವಸರ. ಹುಸ್ತೊ ರಾಮೊನ್ ಅವರ ಹೊಡೆತದಿಂದ ಆಗದ್ದು, ಜೈಲಿನಿಂದ ಆಗದ್ದು, ಮಗನ ಪಕ್ಕದಲ್ಲಿ ಕೂತು ಎಲುಬು ಹಿಡಿದು ತೋರಿಸಿದ ಒಂದು ಬೇಸಿಗೆಯಿಂದ ಆಯಿತು.

ಇದೆಲ್ಲವನ್ನೂ ಒಂದು ರಾತ್ರಿ ಫೋನಿನಲ್ಲಿ ಗೆಳೆಯನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ತನಗೂ ಆ ವಯಸ್ಸಿನಲ್ಲಿ ಯಾರಾದರೂ ಹಾಗೆ ಕೂತು ತೋರಿಸಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದ. ಬೋರ್ಡಿನ ಮೇಲೆ ಅವನ ಹೆಸರನ್ನು ಮುಂಚಿತವಾಗಿಯೇ ಬರೆದಿಡುತ್ತಿದ್ದ ಸಂಗತಿಯನ್ನು ನಾನು ಅಂದು ಮೊದಲ ಸಲ ಅವನಿಗೆ ಹೇಳಿದೆ. ಅವನಿಗೆ ಅದು ಮೊದಲೇ ಗೊತ್ತಿತ್ತು.

ದೀಪಾವಳಿ ಮುಗಿದಿದೆ. ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಭಾನುವಾರ ಮಾತ್ರ ಗ್ಯಾರೇಜಿಗೆ ಬರುತ್ತಾನಂತೆ. ತಂದೆ ಮಗ ಒಂದು ಹಳೆಯ ಎಂಜಿನ್ ಬಿಚ್ಚಿಟ್ಟುಕೊಂಡು ಕೂರುತ್ತಾರೆ, ಪಿಸ್ಟನ್ ಹೇಗೆ ಏರಿಳಿಯುತ್ತದೆಂದು ಹುಡುಗ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುತ್ತಾನೆ. ವಿಜ್ಞಾನದ ಮೇಡಂ ಆ ನೋಟ್‌ಬುಕ್ ನೋಡಿ ವರ್ಗದಲ್ಲಿ ಎಲ್ಲರಿಗೂ ತೋರಿಸಿದರಂತೆ. ಗಣಿತದಲ್ಲಿ ಈಗಲೂ ಪಾಸಾಗಿಲ್ಲ, ಬೆಳಿಗ್ಗೆ ಏಳುವುದು ಈಗಲೂ ತಡ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಏನಾಗುತ್ತದೋ ನೋಡಬೇಕು.

ಐವತ್ತು ವರ್ಷಗಳಲ್ಲಿ ಈ ಶಾಲೆ ನಮಗೆ ಕೊಟ್ಟದ್ದು ಬಹಳ. ಒಂದು ವಿನಂತಿ ಮಾತ್ರ. ಹಾಜರಿ ಪುಸ್ತಕದಲ್ಲಿ ಅರ್ಧಕ್ಕೆ ನಿಂತುಹೋದ ಹೆಸರುಗಳು ಪ್ರತಿ ವರ್ಷವೂ ಇರುತ್ತವೆ. ಮಹೋತ್ಸವದ ದಿನ ವೇದಿಕೆ ಮೇಲೆ ಕೂರುವವರು ಶಾಲೆ ಪೂರ್ತಿ ಮಾಡಿದವರು. ಆ ಅರ್ಧಕ್ಕೆ ನಿಂತವರನ್ನೂ ಅಂದು ಕರೆಯೋಣ. ಈ ವರ್ಷ ನಿಲ್ಲುವ ಹಾಗಿರುವವರ ಮನೆಗೆ, ಹೆಸರು ಹೊಡೆದುಹಾಕುವ ಮೊದಲು, ಒಂದು ಸಲ ಹೋಗಿ ಕೂತು ಮಾತಾಡಿ ಬರೋಣ.